ಮಹಡಿ ಮನೆಯ ಗೊಂಬೆಗಳು

ಹೋದ ವಾರ ಬನಶಂಕರಿಯ ನಮ್ಮ ರಸ್ತೆಯ ಮೂಲೆಯಲ್ಲಿರುವ ಔಷಧಿ ಅಂಗಡಿಯ ಮುಂದೆ ಬಗ್ಗಿ ನೆಲದಿಂದ ಒಂದು ನೀಲಿ ಮುಚ್ಚಳ ಎತ್ತಿಕೊಂಡೆ. ಕೆಮ್ಮಿನ ಔಷಧಿಯ ಬಾಟಲಿಯದು, ಅಂಚೆಲ್ಲ ಹಲ್ಲುಹಲ್ಲಾಗಿರುತ್ತದಲ್ಲ, ಅದು. ಹಿಂದೆ ಬರುತ್ತಿದ್ದ ನನ್ನ ಹೆಂಡತಿ ಪದ್ಮ ಎರಡು ಹೆಜ್ಜೆ ದೂರ ಸರಿದು, ನನ್ನ ಪರಿಚಯವೇ ಇಲ್ಲದವಳ ಹಾಗೆ ಯಾರದೋ ಮನೆಯ ದಾಸವಾಳ ನೋಡುತ್ತಾ ನಿಂತಳು. ಅರವತ್ತಾರು ವರ್ಷದ, ಇಸ್ತ್ರಿ ಮಾಡಿದ ಶರ್ಟು ತೊಟ್ಟ, ಪಿಂಚಣಿದಾರ ಗಂಡ ರಸ್ತೆಯಲ್ಲಿ ಮುಚ್ಚಳ ಆಯುವುದನ್ನು ಯಾವ ಹೆಂಡತಿ ತಾನೇ ನೋಡಿಯಾಳು? ನಾನು ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡೆ. ಈ ಅಭ್ಯಾಸ ನನಗೆ ಅಂಟಿದ್ದು ಹೊಟ್ಟೆಕಿಚ್ಚಿನಿಂದ. ಅದು ಹೇಗೆ ಅಂತ ಹೇಳಿದರೆ ನಿಮ್ಮ ಕಣ್ಣಲ್ಲಿ ನನ್ನ ಮರ್ಯಾದೆ ಸ್ವಲ್ಪ ಕಡಿಮೆಯಾಗುತ್ತದೆ. ಆಗಲಿ.

ನಮ್ಮ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುವುದು ಅಜ್ಜಿಯ ಕಾಲದಿಂದ ಬಂದದ್ದು. ಅಜ್ಜಿಯಿಂದ ಅಮ್ಮನಿಗೆ ಬಂತು. ಅಮ್ಮನಿಗೆ ಹೆಣ್ಣುಮಕ್ಕಳಿಲ್ಲದ ಕಾರಣ ನನಗೆ ಬಂತು. ಕಬ್ಬಿಣದ ಟ್ರಂಕಿನಿಂದ ಅಮ್ಮ ಒಂದೊಂದೇ ಗೊಂಬೆ ತೆಗೆದು, ಸುತ್ತಿದ್ದ ಹಳೆಯ ಪಂಚೆಯ ತುಂಡು ಬಿಚ್ಚುವಾಗ ಬರುತ್ತಿದ್ದ ನುಸಿಗುಳಿಗೆಯ ವಾಸನೆಯೇ ನನಗೆ ಇವತ್ತಿಗೂ ಹಬ್ಬದ ವಾಸನೆ. ಮೊದಲು ಕೂರುವುದು ಪಟ್ಟದ ಗೊಂಬೆಗಳು, ಮರದ ರಾಜ, ಮರದ ರಾಣಿ. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ರಾಜನ ಮೂಗು ಮುರಿಯಿತು. ಮುರಿದವರು ಯಾರು ಎಂಬ ಮಾತು ಈಗ ಬೇಡ. ಅಮ್ಮ ಮೇಣದಲ್ಲಿ ಹೊಸ ಮೂಗು ಮಾಡಿ ಅಂಟಿಸಿದಳು. ಅಂದಿನಿಂದ ನಮ್ಮ ರಾಜನದು ಸದಾ ನೆಗಡಿಯಾದ ಮುಖ. ಆಮೇಲೆ ದಶಾವತಾರ, ಮದುವೆ ಮನೆ, ಕಡಲೆಕಾಯಿಗಿಂತ ಸ್ವಲ್ಪ ದೊಡ್ಡದಾದ ತೂಕದ ಬಟ್ಟಲಿಟ್ಟುಕೊಂಡ ಶೆಟ್ಟರ ಅಂಗಡಿ. ಯಾವುದರ ಪಕ್ಕ ಯಾವುದು ಎಂಬುದು ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಅಮ್ಮ ಹೋದ ಮೇಲೆ ಗಂಡಸು ಗೊಂಬೆ ಕೂರಿಸಿದರೆ ಜನ ನಗುತ್ತಾರೇನೋ ಎಂದುಕೊಂಡಿದ್ದೆ. ನಗಲಿಲ್ಲ. ಅಕ್ಕಪಕ್ಕದವರು ಬಂದು ನೋಡಿ ಹೊಗಳಿದರು, ಮಕ್ಕಳು ನನಗೆ ‘ಗೊಂಬೆ ಅಂಕಲ್’ ಎಂದು ಹೆಸರಿಟ್ಟವು. ಮೂವತ್ತೈದು ವರ್ಷ ಆಫೀಸಿನಲ್ಲಿ ದುಡಿದರೂ ಒಂದು ಬಿರುದು ಸಿಕ್ಕಿರಲಿಲ್ಲ. ಇದು ಸಿಕ್ಕಿತು. ಪದ್ಮನಿಗೆ ಮಾತ್ರ ಇದರಲ್ಲಿ ಆಸಕ್ತಿ ಇಲ್ಲ. ಉಸಲಿ ತಾನು ಮಾಡುತ್ತೇನೆ, ಗೊಂಬೆ ಕೂರಿಸುವ ಮೆಟ್ಟಿಲು ಕಟ್ಟಿಕೊಳ್ಳುವುದು, ಆಮೇಲೆ ಸೊಂಟ ಹಿಡಿದರೆ ಎಣ್ಣೆ ಹಚ್ಚಿಕೊಳ್ಳುವುದು ಎರಡೂ ನನ್ನ ಕೆಲಸ ಎಂದು ಮೊದಲೇ ಹೇಳಿಬಿಟ್ಟಿದ್ದಾಳೆ.

ಹೀಗಿರುವಾಗ ನಮ್ಮ ಮಹಡಿಯ ಒಂದು ಕೋಣೆಯ ಮನೆಗೆ ಗಿರಿಜಾ ಬಾಡಿಗೆಗೆ ಬಂದಳು. ತಿಪಟೂರಿನ ಕಡೆಯವಳು, ನಲವತ್ತರ ಹತ್ತಿರದ ವಯಸ್ಸು, ಒಬ್ಬಳೇ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವಳ ಕೈಕೆಳಗೆ ಒಂದು ಸಾಲು ಹೊಲಿಗೆ ಯಂತ್ರಗಳು, ಇಪ್ಪತ್ತಾರು ಹೆಂಗಸರು. ಬೆಳಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ಬಿಟಿಎಂ, ಸಿಲ್ಕ್ ಬೋರ್ಡ್ ದಾಟಿ ಸೇರುವಷ್ಟರಲ್ಲಿ ಒಂದೂವರೆ ಗಂಟೆ. ವಾಪಸು ಬರುವಾಗ ಇನ್ನೂ ಹೆಚ್ಚು. ಮೊದಲ ದಸರೆಯಲ್ಲಿ ಕೆಳಗೆ ಬಂದು ನನ್ನ ಗೊಂಬೆಗಳ ಮುಂದೆ ಕೈಕಟ್ಟಿ ನಿಂತಳು. ತಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ, ಇಷ್ಟೊಂದು ಗೊಂಬೆ ಒಟ್ಟಿಗೆ ನೋಡಿದ್ದು ಇದೇ ಮೊದಲು ಎಂದಳು. ನಾನು ಒಂದು ಗಂಟೆ ವಿವರಿಸಿದೆ. ಅವಳು ಒಂದು ಗಂಟೆ ಕೇಳಿದಳು. ಇಂಥ ಬಾಡಿಗೆದಾರರು ಪುಣ್ಯವಿದ್ದವರಿಗೆ ಸಿಗುತ್ತಾರೆ ಎಂದು ಪದ್ಮನ ಹತ್ತಿರ ಹೇಳಿದೆ.

ಮರುವರ್ಷ ಅವಳು ಬಂದು, ತಾನೂ ಮೇಲೆ ಏನಾದರೂ ಸಣ್ಣದಾಗಿ ಇಡಬಹುದಾ ಎಂದು ಕೇಳಿದಳು. ಪಾಪ, ಇಡಲಿ ಎಂದು ಎರಡು ಹಳೆಯ ಹಲಗೆಗಳನ್ನು ನಾನೇ ಹೊತ್ತು ಮೇಲೆ ಕೊಟ್ಟುಬಂದೆ. ಆ ಹಲಗೆಗಳ ಮೇಲೆ ಅವಳು ನಮ್ಮ ಬಸ್ ಸ್ಟಾಪನ್ನು ತಂದು ಕೂರಿಸಿದಳು. ಟೂತ್‌ಪೇಸ್ಟ್ ಡಬ್ಬಿಗಳ ಬಸ್ಸು, ಬಾಟಲಿ ಮುಚ್ಚಳಗಳ ಚಕ್ರ, ಬಟ್ಟೆ ಚೂರುಗಳ ಜನ. ಯಾವ ಗೊಂಬೆಗೂ ಕಣ್ಣುಮೂಗು ಇರಲಿಲ್ಲ. ಆದರೂ ನೋಡಿದ ತಕ್ಷಣ ಗುರುತು ಸಿಗುತ್ತಿತ್ತು. ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ಹೂವಿನವಳು, ಚೀಲವನ್ನು ಎದೆಗೆ ಅವುಚಿಕೊಂಡ ಟ್ಯೂಷನ್ ಮೇಷ್ಟರು. ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಹಾಲಿನವನಿಗೆ ಬೆರಳು ತೋರಿಸಿ ಬೈಯುತ್ತಿರುವ ಒಬ್ಬ ಮುದುಕ ಕೂಡ ಇದ್ದ. ಬಂದವರೆಲ್ಲ ಅವನನ್ನು ನೋಡಿ, ನನ್ನನ್ನು ನೋಡಿ, ಬಾಯಿಗೆ ಕೈ ಇಟ್ಟುಕೊಳ್ಳುತ್ತಿದ್ದರು.

ಆ ವರ್ಷವೇ ಶುರುವಾಯಿತು. ಜನ ನಮ್ಮ ನಡುಮನೆಗೆ ಬರುತ್ತಿದ್ದರು, ರಾಜರಾಣಿಗೆ ಕೈ ಮುಗಿಯುತ್ತಿದ್ದರು, ಉಸಲಿಯ ದೊನ್ನೆ ಹಿಡಿದುಕೊಂಡು ವಿನಯದಿಂದ ಕೇಳುತ್ತಿದ್ದರು, “ಅಂಕಲ್, ಮೇಲಕ್ಕೆ ಮೆಟ್ಟಿಲು ಯಾವ ಕಡೆ?” ನಾನೇ ದಾರಿ ತೋರಿಸುತ್ತಿದ್ದೆ. ಮೇಲಿನಿಂದ ನಗು ಕೇಳಿಬರುತ್ತಿತ್ತು. ನನ್ನ ಗೊಂಬೆಗಳನ್ನು ನೋಡಿ ಜನ ಹೊಗಳಿದ್ದುಂಟು, ಭಕ್ತಿಯಿಂದ ಸುಮ್ಮನಾದದ್ದುಂಟು. ಯಾರೂ ಒಮ್ಮೆಯೂ ನಕ್ಕಿರಲಿಲ್ಲ. ಅಂಥದ್ದೊಂದು ಕೊರತೆ ಇದೆ ಎಂಬುದೇ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅದರ ಮುಂದಿನ ವರ್ಷ ಸಿಲ್ಕ್ ಬೋರ್ಡಿನ ಟ್ರಾಫಿಕ್ಕು. ಅಂಗಿಯ ಗುಂಡಿಗಳನ್ನೇ ಚಕ್ರ ಮಾಡಿದ ನೂರಾರು ಗಾಡಿ, ನಡುವೆ ನೀಲಿ ಪ್ಲಾಸ್ಟಿಕ್ಕಿನ ಮಳೆನೀರು, ಆ ಗದ್ದಲದಲ್ಲಿ ಸ್ಕೂಟರಿನ ಮೇಲೆ ಕೂತು ನೆಮ್ಮದಿಯಾಗಿ ಹುರುಳಿಕಾಯಿ ಬಿಡಿಸುತ್ತಿರುವ ಒಬ್ಬ ಹೆಂಗಸು. ಜಯನಗರದಿಂದ, ಜೆಪಿ ನಗರದಿಂದ ಜನ ಫೋಟೋ ತೆಗೆಯಲು ಬಂದರು. ನನ್ನ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದ ಹಾಗಾಯಿತು.

ಅವಳಿಗೆ ಈ ಐಡಿಯಾಗಳು ಎಲ್ಲಿಂದ ಸಿಗುತ್ತವೆ? ಅವಳು ನಡೆಯುವ ರಸ್ತೆಯಲ್ಲೇ ನಾನೂ ನಡೆಯುತ್ತೇನೆ. ಹೂವಿನವಳ ಹತ್ತಿರ ಅವಳಿಗಿಂತ ಹದಿನೈದು ವರ್ಷ ಮೊದಲಿನಿಂದ ಹೂ ಕೊಳ್ಳುತ್ತಿದ್ದೇನೆ. ಆ ಹೂವಿನವಳು ಒಂದು ಕಾಲಿನ ಮೇಲೆ ಭಾರ ಹಾಕುತ್ತಾಳೆಂಬುದನ್ನು ನಾನು ಯಾಕೆ ನೋಡಲಿಲ್ಲ? ಹಟ ಬಂತು. ಒಂದು ನೋಟ್‌ಬುಕ್ಕು ಕೊಂಡು ಪಾರ್ಕಿನ ಬೆಂಚಿನ ಮೇಲೆ ಕೂತೆ. ಒಂದು ವಾರ ಕೂತೆ. ಆ ಪುಸ್ತಕ ಈಗಲೂ ಇದೆ. ಮೊದಲ ಪುಟದಲ್ಲಿ ‘ನಾಯಿ ಮಲಗಿದೆ’ ಎಂದಿದೆ. ಎರಡನೆಯ ದಿನದಲ್ಲಿ ‘ಇನ್ನೊಂದು ನಾಯಿ ಮಲಗಿದೆ’. ಐದನೆಯ ದಿನ, ‘ಸೊಳ್ಳೆ ಜಾಸ್ತಿ’. ಪ್ರಪಂಚ ಅವಳ ಮುಂದೆ ಮನಸ್ಸು ಬಿಚ್ಚಿ ಮಾತಾಡುತ್ತದೆ, ನನ್ನನ್ನು ಕಂಡರೆ ಮಲಗಿಬಿಡುತ್ತದೆ.

ಕೊನೆಗೆ ನಾಚಿಕೆ ಬಿಟ್ಟು ಅವಳನ್ನೇ ಕೇಳಿದೆ. ಅವಳು ಬಟ್ಟೆ ಒಣಹಾಕುತ್ತಾ ಉತ್ತರ ಕೊಟ್ಟಳು.

“ದಿನಾ ಅದೇ ಬಸ್ಸು, ಅದೇ ರೋಡು ಅಲ್ವಾ ಅಂಕಲ್. ಬೇಜಾರಾಗ್ಬಾರ್ದು ಅಂತ ದಿನಕ್ಕೊಂದು ಹೊಸದು ನೋಡ್ಬೇಕು ಅಂತ ಇಟ್ಕೊಂಡಿದೀನಿ. ಒಂದೇ. ಸಿಕ್ಕಿದ್ಮೇಲೆ ನಿದ್ದೆ ಮಾಡ್ತೀನಿ.”

ನೆನಪಿಗೆಂದು ಅವತ್ತಿನದೇ ಒಂದು ವಸ್ತು, ಗುಂಡಿಯೋ ದಾರವೋ ಟಿಕೆಟ್ಟೋ, ಒಂದು ಡಬ್ಬದಲ್ಲಿ ಹಾಕಿಡುತ್ತಾಳಂತೆ. ಅಷ್ಟೇ ಎಂದಳು. ನಾನು ನಂಬಲಿಲ್ಲ. ಒಳ್ಳೆಯ ಅಡುಗೆ ಮಾಡುವವರು ಸಾರಿನ ಪುಡಿಯ ಅಳತೆ ಹೇಳುವಾಗ ಒಂದನ್ನು ಬಿಟ್ಟೇ ಹೇಳುತ್ತಾರಲ್ಲ, ಹಾಗೆ ಏನೋ ಮುಚ್ಚಿಡುತ್ತಿದ್ದಾಳೆ ಎನ್ನಿಸಿತು.

ಆ ಡಬ್ಬ ನಮ್ಮ ಮೆಟ್ಟಿಲಿನ ಕೆಳಗೇ ಇತ್ತು. ಮೇಲೆ ಜಾಗ ಸಾಲದೆಂದು ನನ್ನನ್ನು ಕೇಳಿಯೇ ಇಟ್ಟಿದ್ದಳು. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ. ಹೋಗುವಾಗ ಬರುವಾಗ ನಾನು ಅದನ್ನು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಮುಚ್ಚಳ ತೆಗೆದೂ ನೋಡಿದೆ. ತುಂಬ ಹೇರ್‌ಪಿನ್ನು, ಗುಂಡಿ, ದಾರದ ಉಂಡೆ, ಮುರಿದ ಬಳೆಚೂರು. ಕೆಲವಕ್ಕೆ ಕಾಗದ ಸುತ್ತಿ ಏನೋ ಬರೆದಿತ್ತು. ಕನ್ನಡಕ ಮನೆಯೊಳಗಿತ್ತು, ಓದಲಿಲ್ಲ. ಇಷ್ಟೇನಾ ಎನ್ನಿಸಿ, ಇಷ್ಟರಲ್ಲೇ ಇವಳು ಗೆಲ್ಲುತ್ತಾಳಲ್ಲ ಎನ್ನಿಸಿ, ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು.

ಗಣೇಶನ ಹಬ್ಬ ಮುಗಿದು ಒಂದು ವಾರವಾಗಿತ್ತು. ಅವತ್ತು ಒಣಕಸದ ದಿನ. ಕಸದ ಗಾಡಿಯ ಹಾಡು ಕೇಳಿ ಹಳೆಯ ಪೇಪರಿನ ಕಟ್ಟು ಹಿಡಿದು ಗೇಟಿಗೆ ಹೋದೆ. ಗಾಡಿಯ ಜೊತೆ ಬರುವ ಮುನಿರತ್ನಮ್ಮ ಕಟ್ಟು ತೆಗೆದುಕೊಂಡವಳು, ತೆರೆದ ಗೇಟಿನಿಂದ ಮೆಟ್ಟಿಲಿನ ಕಡೆ ನೋಡಿ, “ಆ ಡಬ್ಬಾನೂ ಕಸಾನಾ ಸಾರ್?” ಎಂದಳು.

ಅವಳು ಕೇಳದಿದ್ದರೆ ನನಗೆ ಹೊಳೆಯುತ್ತಲೂ ಇರಲಿಲ್ಲ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಉತ್ತರ ಕೊಡುವ ಮೊದಲು ನಾನು ಮಹಡಿಯ ಕಡೆ ನೋಡಿದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

“ಹೂಂ, ತಗೊಂಡ್ಹೋಗು” ಎಂದೆ.

ಸಂಜೆ ಗಿರಿಜಾ ಬಂದು ಮೆಟ್ಟಿಲಿನ ಕೆಳಗೆ ಹುಡುಕಿದಳು. ಆಮೇಲೆ ಬಾಗಿಲಿಗೆ ಬಂದು ಡಬ್ಬ ನೋಡಿದಿರಾ ಎಂದಳು. ನಾನು ಅಳುಕದೆ, ಗಾಡಿಯವರು ಕಸ ಅಂದುಕೊಂಡು ಒಯ್ದಿರಬೇಕು, ಈಗಿನವರಿಗೆ ಹೇಳೋರು ಕೇಳೋರು ಇಲ್ಲ ಎಂದುಬಿಟ್ಟೆ. ಅವಳು ಇನ್ನೊಮ್ಮೆ ಹೋಗಿ ಮೆಟ್ಟಿಲಿನ ಕೆಳಗೆ ಬಗ್ಗಿ ನೋಡಿ ಬಂದಳು. ಪದ್ಮ ಅಡುಗೆಮನೆಯಿಂದ ಬಂದು, ಅದರಲ್ಲಿ ಅಂಥದ್ದೇನಿತ್ತು ಎಂದು ಕೇಳಿದಾಗಲೇ ಗಿರಿಜಾ ಹೇಳಿದ್ದು.

ಅವರ ಫ್ಯಾಕ್ಟರಿಯನ್ನು ಊರಾಚೆಗೆ, ತುಂಬ ದೂರಕ್ಕೆ ಸಾಗಿಸುತ್ತಿದ್ದರು. ದಸರೆ ಕಳೆದ ಮೇಲೆ ಬೊಮ್ಮನಹಳ್ಳಿಯಲ್ಲಿ ಆ ಸಾಲು ಇರುವುದಿಲ್ಲ. ಹೆಂಗಸರಲ್ಲಿ ಕೆಲವರು ಬೇರೆ ಕೆಲಸ ಹುಡುಕುತ್ತಿದ್ದರು, ಕೆಲವರು ಊರಿಗೆ ಹೊರಟಿದ್ದರು. ಅದಕ್ಕೇ ಈ ವರ್ಷ ತಮ್ಮ ಸಾಲನ್ನೇ ಗೊಂಬೆ ಮಾಡಿ ಕೂರಿಸೋಣ ಎಂದುಕೊಂಡಿದ್ದಳಂತೆ. ಇಪ್ಪತ್ತಾರು ಯಂತ್ರ, ಇಪ್ಪತ್ತಾರು ಜನ. ಒಬ್ಬೊಬ್ಬಳೂ ತನ್ನ ಗೊಂಬೆಗೆಂದು ತನ್ನದೇ ಒಂದು ವಸ್ತು ಕೊಟ್ಟಿದ್ದಳು. ಯಾರದು ಯಾವುದು ಎಂದು ಗಿರಿಜಾ ಕಾಗದದಲ್ಲಿ ಬರೆದು ಸುತ್ತಿ ಆ ಡಬ್ಬದಲ್ಲಿಟ್ಟಿದ್ದಳು.

“ಹೋಗ್ಲಿ ಬಿಡಿ ಆಂಟಿ” ಎಂದು ಅವಳು ಮೇಲೆ ಹೋದಳು. ಅವತ್ತು ಪದ್ಮ ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟೆ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ನೆಪ ಹೇಳಿ ಎದ್ದೆ. ಉಪ್ಪು ಸರಿಯಾಗಿಯೇ ಇತ್ತು.

ಮರುದಿನ ಬೆಳಗ್ಗೆ ತರಕಾರಿಗೆಂದು ಹೇಳಿ ಹೊರಟು, ಒಣಕಸ ವಿಂಗಡಿಸುವ ಶೆಡ್ಡಿಗೆ ಹೋದೆ. ಮುನಿರತ್ನಮ್ಮ ಅಲ್ಲೇ ಇದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಬೆಳಗ್ಗೆ ಡ್ಯೂಟಿಗೆ ಹೋಗುವಾಗ ಗಿರಿಜಾ ಅವಳನ್ನು ರಸ್ತೆಯಲ್ಲಿ ಕಂಡು ಕೇಳಿದ್ದಳಂತೆ.

“ನಾನಾಗೇ ತಗೊಂಡೆ ಅಂತ ಅವ್ರು ಅಂದ್ಕೊಂಡಿದ್ರು ಸಾರ್. ನೀವೇ ಹೂಂ ಅಂದ್ರಲ್ಲ. ಅದನ್ನ ಹೇಳ್ದೆ. ತಪ್ಪಾಯ್ತಾ?”

ತಪ್ಪಾಗಲಿಲ್ಲ, ನೀನು ಹೇಳಿದ್ದೇ ಸರಿ ಎಂದೆ. ಆಮೇಲೆ ಇಬ್ಬರೂ ಸೇರಿ ಹುಡುಕಿದೆವು. ರಟ್ಟಿನ ಡಬ್ಬ ಚಪ್ಪಟೆಯಾಗಿ ಒಂದು ಕಟ್ಟಿನಲ್ಲಿ ಸಿಕ್ಕಿತು. ಒಳಗಿದ್ದದ್ದೆಲ್ಲ ಯಾವ ಚೀಲ ಸೇರಿತ್ತೋ, ಯಾವ ಲಾರಿ ಹತ್ತಿತ್ತೋ. ಎರಡು ಗಂಟೆ ಕೆದಕಿ ಮೂರು ಹೇರ್‌ಪಿನ್ನು ಆರಿಸಿದೆ. ಅವು ಅವರದೇ ಎಂದು ಹೇಳುವ ಧೈರ್ಯ ಬರಲಿಲ್ಲ. ಅಲ್ಲೇ ಬಿಟ್ಟು ಬಂದೆ.

ಸಂಜೆ ಗಿರಿಜಾ ಗೇಟು ತೆರೆಯುವುದನ್ನೇ ಕಾದಿದ್ದು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದೆ. ಡಬ್ಬ ಕೊಟ್ಟುಕಳಿಸಿದ್ದು ನಾನು ಎಂದೆ.

“ಗೊತ್ತಾಯ್ತು ಅಂಕಲ್” ಎಂದಳು. “ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ. ಬಸ್ಸಲ್ಲಿ ಅದನ್ನೇ ಯೋಚ್ನೆ ಮಾಡ್ತಾ ಇದ್ದೆ. ಬಾಡಿಗೆ ಕರೆಕ್ಟಾಗಿ ಕೊಡ್ತೀನಿ. ನೀರು ಜಾಸ್ತಿ ಬಿಡಲ್ಲ.”

“ಹೊಟ್ಟೆಕಿಚ್ಚಮ್ಮ” ಎಂದೆ. “ನಿನ್ನ ಗೊಂಬೆ ಮೇಲೆ.”

ಅವಳು ನಗಬಹುದು ಎಂದುಕೊಂಡಿದ್ದೆ. ಬೈದರೂ ತಡೆದುಕೊಳ್ಳಲು ತಯಾರಾಗಿದ್ದೆ. ಅವಳು ನನ್ನ ಮುಖವನ್ನು ಬಸ್ಸಿನ ಕಿಟಕಿಯಾಚೆ ಏನನ್ನೋ ನೋಡುವವಳ ಹಾಗೆ ಒಂದು ಕ್ಷಣ ನೋಡಿದಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮೇಲೆ ಹೋದಳು. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಬೆಳಗ್ಗೆ ಹೊರಡುವಾಗ ಬಾಗಿಲ ಹತ್ತಿರ ನಿಂತು, ಸಂಜೆ ಐದೂವರೆಗೆ ಫ್ಯಾಕ್ಟರಿ ಗೇಟಿನ ಹತ್ತಿರ ಬನ್ನಿ, ಒಂದು ಡಬ್ಬಿ ತನ್ನಿ ಎಂದಳು. ಯಾಕೆ ಎಂದು ಕೇಳುವ ಹಕ್ಕು ನನಗಿರಲಿಲ್ಲ.

ಪದ್ಮನಿಗೆ ಸ್ನೇಹಿತರನ್ನು ನೋಡಲು ಹೋಗುತ್ತೇನೆ ಎಂದು ಸುಳ್ಳು ಹೇಳಿ, ಚಕ್ಕುಲಿಯ ಸ್ಟೀಲ್ ಡಬ್ಬಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಭಯದಲ್ಲಿ ಕೂತವನಿಗೆ ನಿದ್ದೆ ಬರುವುದಿಲ್ಲ, ಹೊರಗೆ ನೋಡುತ್ತಾ ಹೋದೆ. ಬಿಟಿಎಂನಲ್ಲಿ ಒಬ್ಬ ಎಳನೀರಿನವನು, ಗಿರಾಕಿ ಕುಡಿದು ಮುಗಿಸುವವರೆಗೂ ತಾನೂ ಉಸಿರು ಹಿಡಿದು ಕಾಯುತ್ತಿದ್ದ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಒಂದು ಬೈಕಿನ ಮೇಲೆ ಅಪ್ಪ, ಅಮ್ಮ, ನಡುವೆ ಒಂದು ಗೋಡೆ ಗಡಿಯಾರ. ಗಡಿಯಾರ ನಡೆಯುತ್ತಿತ್ತು, ಟ್ರಾಫಿಕ್ಕು ನಿಂತಿತ್ತು. ಇದನ್ನು ಗಿರಿಜಾ ನೋಡಿರಲಿಕ್ಕಿಲ್ಲ ಎಂದುಕೊಂಡೆ. ಆ ಸ್ಥಿತಿಯಲ್ಲೂ ಅಷ್ಟು ಖುಷಿಯಾಯಿತು ನೋಡಿ, ನನ್ನ ಬುದ್ಧಿಗೆ.

ಗೇಟಿನಿಂದ ಹೆಂಗಸರು ಗುಂಪುಗುಂಪಾಗಿ ಹೊರಬಂದರು. ಗಿರಿಜಾ ತನ್ನ ಸಾಲಿನವರನ್ನು ಕಾಂಪೌಂಡಿನ ಪಕ್ಕ ನಿಲ್ಲಿಸಿ, “ನಮ್ಮ ಓನರ್ ಅಂಕಲ್ ಇವ್ರು. ನಿಮ್ಮತ್ರ ಏನೋ ಹೇಳ್ಬೇಕಂತೆ” ಎಂದು ಪಕ್ಕಕ್ಕೆ ಸರಿದಳು. ಇಪ್ಪತ್ತನಾಲ್ಕು ಜನ. ದಿನವಿಡೀ ಹೊಲಿದು ಬಂದವರು, ಬಸ್ಸು ಹಿಡಿಯುವ ಅವಸರದಲ್ಲಿದ್ದವರು. ನಾನು ಬೀಳ್ಕೊಡುಗೆ ಸಮಾರಂಭಗಳಲ್ಲಿ ಅರ್ಧ ಗಂಟೆ ಭಾಷಣ ಮಾಡಿದವನು. ಅಲ್ಲಿ ನನ್ನ ಬಾಯಿಂದ ಬಂದದ್ದು ನಾಲ್ಕೇ ಮಾತು. ನೀವು ಕೊಟ್ಟದ್ದನ್ನು ನಾನು ಬೇಕೆಂದೇ ಕಸಕ್ಕೆ ಕೊಟ್ಟೆ, ತಪ್ಪಾಯಿತು, ಇನ್ನೊಮ್ಮೆ ಏನಾದರೂ ಕೊಡಿ ಎಂದು ಡಬ್ಬಿಯ ಮುಚ್ಚಳ ತೆಗೆದು ಹಿಡಿದೆ.

ಒಬ್ಬಳು ನನ್ನನ್ನು ಸರಿಯಾಗಿಯೇ ಬೈದಳು. ವಯಸ್ಸಾದವರು ಮಾಡುವ ಕೆಲಸವಾ ಇದು, ನಮ್ಮ ತಲೆಪಿನ್ನು ನಿಮಗೇನು ಮಾಡಿತ್ತು ಎಂದಳು. ನಾನು ಡಬ್ಬಿಯನ್ನು ಚಾಚಿ ಹಿಡಿದೇ ಇದ್ದೆ. ಆಮೇಲೆ ಲಕ್ಷ್ಮಮ್ಮ ಎಂಬ ಹಿರಿಯಳು ಮುಂದೆ ಬಂದು, ಬೆರಳಿನ ಅಂಗುಸ್ತಾನ ತೆಗೆದು ಡಬ್ಬಿಗೆ ಹಾಕಿದಳು. ಸೂಜಿ ಚುಚ್ಚದ ಹಾಗೆ ಹಾಕಿಕೊಳ್ಳುವ ಆ ತಗಡಿನ ಟೊಪ್ಪಿ ಹನ್ನೊಂದು ವರ್ಷ ಅವಳ ಬೆರಳಲ್ಲಿತ್ತಂತೆ.

“ಆವತ್ತು ಕೊಟ್ಟಿದ್ದು ಬರೀ ಗುಂಡಿ. ಇದು ಕೊಡಕ್ಕೆ ಮನಸ್ಸು ಬಂದಿರ್ಲಿಲ್ಲ. ತಗೊಳ್ಳಿ, ಇನ್ನೇನು ಮಾಡ್ಲಿ ಇದನ್ನ ಇಟ್ಕೊಂಡು” ಎಂದಳು.

ಒಬ್ಬೊಬ್ಬರಾಗಿ ಹಾಕಿದರು. ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ ತುಂಡು, ದುಪಟ್ಟಾದ ಅಂಚಿನಿಂದ ಕಿತ್ತ ಒಂದು ಕುಚ್ಚು, ಊಟದ ಡಬ್ಬಿಯ ಮೇಲೆ ಅಂಟಿಸಿದ್ದ ಹೆಸರಿನ ಚೀಟಿ. ನಾನು ಅದೇ ನೋಟ್‌ಬುಕ್ಕಿನಲ್ಲಿ ಹೆಸರು ಕೇಳಿ ಕೇಳಿ ಬರೆದುಕೊಂಡೆ. ಹೆಸರಿನ ಜೊತೆ ಅವರಾಗಿಯೇ ಇನ್ನೊಂದು ಮಾತು ಹೇಳುತ್ತಿದ್ದರು. ಒಬ್ಬಳು ಹೊಲಿಯುವಾಗ ನಾಲಿಗೆ ಕಚ್ಚುತ್ತಾಳೆ, ಒಬ್ಬಳು ಯಂತ್ರಕ್ಕೆ ದಿನಾ ಕುಂಕುಮ ಇಡುತ್ತಾಳೆ, ಇಬ್ಬರು ಆರು ವರ್ಷದಿಂದ ಅಕ್ಕಪಕ್ಕ ಕೂತೂ ಮಾತು ಬಿಟ್ಟಿದ್ದಾರೆ. ಹತ್ತು ಪುಟ ತುಂಬಿತು. ಇನ್ನಿಬ್ಬರು, ಸುಮಿತ್ರಾ ಮತ್ತು ಮೀನಾ, ಆ ವಾರವೇ ಲೆಕ್ಕ ಮುಗಿಸಿ ಊರಿಗೆ ಹೋಗಿದ್ದರು. ಒಬ್ಬಳದು ಒಡಿಶಾದ ಯಾವುದೋ ಹಳ್ಳಿ, ಇನ್ನೊಬ್ಬಳ ಫೋನು ಹತ್ತುತ್ತಿರಲಿಲ್ಲ.

ಆ ವರ್ಷ ನಾನು ನನ್ನ ಗೊಂಬೆ ಮೆಟ್ಟಿಲುಗಳನ್ನು ಒಂದೇ ದಿನದಲ್ಲಿ ಕಟ್ಟಿ ಮುಗಿಸಿ ಮೇಲೆ ಹೋಗಿ ಕೂತೆ. ಬೆಂಕಿಪೊಟ್ಟಣಗಳಿಗೆ ಕಪ್ಪು ಕಾಗದ ಅಂಟಿಸಿ ಯಂತ್ರ ಮಾಡುವ ಕೆಲಸ ನನಗೆ ಸಿಕ್ಕಿತು. ಹನ್ನೆರಡನೆಯದರ ಹೊತ್ತಿಗೆ ಗಿರಿಜಾ ನಾನು ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡುವುದನ್ನು ನಿಲ್ಲಿಸಿದಳು. ನಮ್ಮ ನಡುವೆ ಮೊದಲಿನ ಸಲಿಗೆ ಬರಲಿಲ್ಲ. ಅಂಟು ಕೊಡಿ, ಕತ್ತರಿ ಕೊಡಿ ಎನ್ನುವಷ್ಟು ಮಾತು ಬಂತು.

ಸರಸ್ವತಿ ಪೂಜೆಯ ದಿನ ಸಂಜೆ ಅವಳ ಸಾಲಿನ ಹೆಂಗಸರು ಹತ್ತೊಂಬತ್ತು ಜನ ಒಟ್ಟಿಗೆ ಬಂದರು. ನಮ್ಮ ನಡುಮನೆಯಲ್ಲಿ ರಾಜರಾಣಿಯ ಮುಂದೆ ಮರ್ಯಾದೆಗೆ ಎರಡು ನಿಮಿಷ ನಿಂತು, ದಡದಡ ಮಹಡಿ ಹತ್ತಿದರು. ನಾನೂ ಪದ್ಮನೂ ಉಸಲಿಯ ಪಾತ್ರೆ ಹಿಡಿದು ಹಿಂದೆಯೇ ಹೋದೆವು. ಅವರು ತಮ್ಮ ತಮ್ಮ ಯಂತ್ರದ ಮುಂದೆ ತಮ್ಮನ್ನು ಹುಡುಕುತ್ತಿದ್ದರು. ಹುಡುಕಲು ಕಷ್ಟವಾಗಲಿಲ್ಲ. ಮಾತು ಬಿಟ್ಟಿದ್ದ ಇಬ್ಬರ ಗೊಂಬೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ಕೂತಿದ್ದವು. ನಿಜವಾದ ಇಬ್ಬರೂ ಅದನ್ನು ನೋಡಿ ಒಟ್ಟಿಗೆ ನಕ್ಕರು. ನಕ್ಕದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು. ಬೆನ್ನು ತಿರುಗಿಸಿ ಕೂರಿಸಿದ್ದು ನನ್ನ ಐಡಿಯಾ. ಅದನ್ನು ಯಾರಿಗಾದರೂ ಹೇಳಬೇಕೆಂದು ಬಾಯಿ ತುರಿಸುತ್ತಿತ್ತು.

ಪದ್ಮ ಬಗ್ಗಿ ಒಂದೊಂದನ್ನೇ ನೋಡುತ್ತಾ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಅಲ್ಲಿ ಎರಡು ಯಂತ್ರಗಳ ಮುಂದೆ ಬರೀ ಸ್ಟೂಲುಗಳಿದ್ದವು.

“ಇದ್ಯಾಕೆ ಗಿರಿಜಾ ಇಬ್ಬರಿಲ್ಲ?” ಎಂದಳು.

ಪದ್ಮನಿಗೆ ನಾನು ಏನನ್ನೂ ಹೇಳಿರಲಿಲ್ಲ. ಗಿರಿಜಾ ನನ್ನ ಕಡೆ ನೋಡಲೂ ಇಲ್ಲ. “ಅವ್ರಿಬ್ರೂ ಮೊದ್ಲೇ ಊರಿಗೆ ಹೊರಟೋದ್ರು ಆಂಟಿ” ಎಂದು ಉಸಲಿಯ ಪಾತ್ರೆಗೆ ಕೈ ಚಾಚಿದಳು.

ಸುಳ್ಳೇನೂ ಅಲ್ಲ. ಎಷ್ಟು ಸಲೀಸಾಗಿ, ಎಷ್ಟು ಸಣ್ಣ ದನಿಯಲ್ಲಿ ನನ್ನ ಮಾನ ಉಳಿಸಿಬಿಟ್ಟಳು. ಒಳ್ಳೆಯವನಾದರೆ ನಾನು ಅಲ್ಲಿ ಕರಗಬೇಕಿತ್ತು. ನನಗಾದದ್ದು ಅದೇ ಹಳೆಯ ಉರಿ, ಎದೆಯ ಕೆಳಗೆ, ಮೆಣಸಿನಕಾಯಿ ಹುರಿದ ಜಾಗದಲ್ಲೇ. ಗೊಂಬೆಯಲ್ಲಿ ಗೆದ್ದಳು, ನೋಡುವುದರಲ್ಲಿ ಗೆದ್ದಳು, ಈಗ ದೊಡ್ಡತನದಲ್ಲೂ ಇವಳೇ ಗೆಲ್ಲಬೇಕಾ?

“ಊರಿಗೆ ಹೋಗಿದ್ದು ನಿಜ ಪದ್ಮ” ಎಂದೆ. “ಆದ್ರೆ ಹೋಗೋ ಮುಂಚೆ ಅವ್ರು ಕೊಟ್ಟಿದ್ದು ಇತ್ತು. ಆ ಡಬ್ಬಾನ ಕಸದ ಗಾಡಿಗೆ ಕೊಟ್ಟೋನು ನಾನು. ಗೊತ್ತಿದ್ದೇ ಕೊಟ್ಟೆ.”

ಪದ್ಮ ನನ್ನನ್ನು ನೋಡಿದಳು, ಆ ಎರಡು ಸ್ಟೂಲುಗಳನ್ನು ನೋಡಿದಳು. ಬಗ್ಗಿ, ಓರೆಯಾಗಿದ್ದ ಒಂದು ಸ್ಟೂಲನ್ನು ಬೆರಳಿನಿಂದ ನೆಟ್ಟಗೆ ಮಾಡಿದಳು. ಲಕ್ಷ್ಮಮ್ಮನೇ ಮುಂದೆ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡು ಎಲ್ಲರಿಗೂ ಬಡಿಸಲು ಶುರುಮಾಡಿದಳು.

ಅವತ್ತು ನಾನು ನಿಜ ಹೇಳಿದ್ದನ್ನು ಪದ್ಮ ಆಮೇಲೆ ಯಾರ ಹತ್ತಿರವೋ ಹೊಗಳಿದಳಂತೆ. ಅದು ಪಶ್ಚಾತ್ತಾಪ ಎಂದು ಅವಳು ತಿಳಿದಿದ್ದಾಳೆ. ಅದು ಹೊಟ್ಟೆಕಿಚ್ಚು ಎಂದು ಗಿರಿಜಾಳಿಗೆ ಮಾತ್ರ ಗೊತ್ತು. ಪಾತ್ರೆ ತೊಳೆದು ವಾಪಸು ಕೊಡಲು ಬಂದಾಗ ಅವಳು ಮೆಟ್ಟಿಲ ಮೇಲೆ ನಿಂತು, ಎಷ್ಟೋ ವಾರಗಳ ನಂತರ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು.

“ಅದನ್ನೂ ನನಗೆ ಬಿಟ್ಕೊಡ್ಲಿಲ್ಲ ನೋಡಿ ನೀವು” ಎಂದಳು.